ಎಲ್ಲರಿಗೂ ಸಿಕ್ಕಾಗ ರೋಗಿಗೆ ಸಿಕ್ಕಿದ್ದೇನು

ಕೆನಡಾದಲ್ಲಿ ಗಾಂಜಾ ಎಲ್ಲ ವಯಸ್ಕರಿಗೂ ಕಾನೂನುಬದ್ಧವಾದದ್ದು 2018ರ ಅಕ್ಟೋಬರ್ 17ರಂದು. ಆ ವಾರವಿಡೀ ನನ್ನ ಫೋನು ಬಡಿದುಕೊಳ್ಳುತ್ತಲೇ ಇತ್ತು. "ಅತ್ತಿಗೆ, ಇನ್ನು ನಿಮಗೆ ಡಾಕ್ಟರ ಕೈಕಾಲು ಹಿಡಿಯೋ ಕಷ್ಟ ಇಲ್ಲ ಬಿಡಿ, ಬೇಕಾದಾಗ ಅಂಗಡಿಗೆ ಹೋಗಿ ತಂದರಾಯ್ತು" ಎಂದ ಮೈದುನ. ಅವನೊಬ್ಬನೇ ಅಲ್ಲ, ನನ್ನ ಕಾಯಿಲೆಯ ವಿಷಯ ಗೊತ್ತಿದ್ದ ಎಲ್ಲರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಪ್ರೀತಿಯಿಂದಲೇ ಹೇಳಿದರು. ಅದಾಗಿ ಇಷ್ಟು ವರ್ಷ ಕಳೆದರೂ "ಈಗ ಎಲ್ಲ ಕಡೆ ಸಿಗುತ್ತಲ್ಲ, ನಿಮಗೇನು ತೊಂದರೆ?" ಎಂಬ ಪ್ರಶ್ನೆ ನಿಂತಿಲ್ಲ. ಫೋನಿನಲ್ಲಿ ಎರಡು ಮಾತಿನಲ್ಲಿ ಉತ್ತರ ಹೇಳಿ ಸುಸ್ತಾಗಿ, ಇಲ್ಲಿ ಉದ್ದಕ್ಕೇ ಬರೆಯುತ್ತಿದ್ದೇನೆ.

ನನಗಿರುವುದು ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲಿರೋಸಿಸ್. ನರಗಳ ಮೇಲಿನ ಹೊದಿಕೆಯನ್ನು ದೇಹದ ರಕ್ಷಣಾ ವ್ಯವಸ್ಥೆಯೇ ತಿಂದುಹಾಕುವ ಕಾಯಿಲೆ. ಹಗಲು ಹೇಗೋ ಸಾಗುತ್ತದೆ. ರಾತ್ರಿ ಮಲಗಿದ ಮೇಲೆ ಕಾಲಿನ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಮೀನಖಂಡದಿಂದ ಹಿಡಿದು ತೊಡೆಯವರೆಗೆ ಕಟ್ಟಿಗೆಯಂತೆ ಬಿರುಸಾಗಿ, ಮಡಚಲೂ ಆಗದೆ ಚಾಚಲೂ ಆಗದೆ, ಬೆಳಗಿನ ಜಾವದವರೆಗೆ ಹಲ್ಲು ಕಚ್ಚಿಕೊಂಡು ಬಿದ್ದಿರಬೇಕು. ಸ್ನಾಯು ಸಡಿಲಿಸುವ ಬ್ಯಾಕ್ಲೊಫೆನ್ ಮಾತ್ರೆ ಒಂದು ಮಟ್ಟದವರೆಗೆ ಕೆಲಸ ಮಾಡಿತು. ಅದರ ಪ್ರಮಾಣ ಹೆಚ್ಚಿಸಿದರೆ ಕಾಲಿನ ಬಿಗಿತದ ಜೊತೆಗೆ ನಿಲ್ಲುವ ಬಲವೂ ಹೋಗುತ್ತಿತ್ತು. ಆಗ ನರರೋಗ ತಜ್ಞರು ಸ್ಯಾಟಿವೆಕ್ಸ್ ಬರೆದುಕೊಟ್ಟರು. ಗಾಂಜಾ ಗಿಡದ ಸಾರದಿಂದ ಮಾಡಿದ, ಬಾಯೊಳಗೆ ಸಿಂಪಡಿಸಿಕೊಳ್ಳುವ ಔಷಧ ಅದು. ಕೆನಡಾದಲ್ಲಿ 2005ರಲ್ಲೇ ಮದ್ದಿನಂಗಡಿಗೆ ಬಂದಿತ್ತು. ಒಂದು ಸಿಂಪಡಣೆಯಲ್ಲಿ 2.7 ಮಿಲಿಗ್ರಾಂ ಟಿಎಚ್‌ಸಿ (ಗಿಡದ ಅಮಲು ತರುವ ಅಂಶ), 2.5 ಮಿಲಿಗ್ರಾಂ ಸಿಬಿಡಿ (ಅಮಲು ತರದ ಅಂಶ). ಕಾಲಿಗೆ ಗುಣ ಕಂಡಿತು, ಆದರೆ ಬಾಯೊಳಗೆ ಹುಣ್ಣಾಯಿತು, ಮತ್ತು ನನ್ನ ವಿಮೆ ಅದರ ಖರ್ಚು ಕೊಡಲಿಲ್ಲ. ಹಾಗಾಗಿ 2017ರಲ್ಲಿ ವೈದ್ಯರ ಪತ್ರ ಮಾಡಿಸಿ, ಪರವಾನಗಿ ಇರುವ ಉತ್ಪಾದಕರೊಬ್ಬರಲ್ಲಿ ಹೆಸರು ನೋಂದಾಯಿಸಿ, ಗಾಂಜಾ ಎಣ್ಣೆ ತರಿಸಲು ಶುರು ಮಾಡಿದೆ. ಟಿಎಚ್‌ಸಿ ಮತ್ತು ಸಿಬಿಡಿ ಸಮಸಮ ಇರುವ ಎಣ್ಣೆ. ಎರಡೂವರೆ ಮಿಲಿಗ್ರಾಂನಿಂದ ಆರಂಭಿಸಿ, ನರ್ಸ್ ಒಬ್ಬರು ಫೋನಿನಲ್ಲಿ ವಿಚಾರಿಸುತ್ತಾ, ನಿಧಾನವಾಗಿ ಏರಿಸಿ, ನನ್ನ ಅಳತೆ ಯಾವುದು ಎಂದು ಕಂಡುಕೊಳ್ಳಲು ತಿಂಗಳುಗಳೇ ಹಿಡಿದವು. ಎಣ್ಣೆ ನುಂಗಿದರೆ ಅದರ ಪರಿಣಾಮ ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು, ಆಮೇಲೆ ಆರೆಂಟು ಗಂಟೆ ಇರುತ್ತದೆ. ಮಲಗುವ ಹೊತ್ತನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಅದನ್ನೆಲ್ಲ ಕಲಿತ ಮೇಲೆ ನಾನು ರಾತ್ರಿ ಮಲಗತೊಡಗಿದೆ. ವರ್ಷಗಟ್ಟಲೆ ನಿದ್ದೆಯಿಲ್ಲದೆ ಇದ್ದವರಿಗೆ ಈ ಮಾತಿನ ಬೆಲೆ ಗೊತ್ತಾಗುತ್ತದೆ.

ಗಾಂಜಾವನ್ನು ಮದ್ದಾಗಿ ಬಳಸುವ ಈ ಹಕ್ಕು ನಮಗೆ ಸರ್ಕಾರ ತಾನಾಗಿ ಕೊಟ್ಟದ್ದಲ್ಲ ಎಂಬುದನ್ನು ಹೇಳಲೇಬೇಕು. ಟೊರೊಂಟೊದ ಟೆರೆನ್ಸ್ ಪಾರ್ಕರ್ ಎಂಬವರಿಗೆ ಚಿಕ್ಕಂದಿನಿಂದ ತೀವ್ರ ಮೂರ್ಛೆರೋಗ. ಬೇರೆ ಮದ್ದು ಸಾಲದೆ ಮನೆಯಲ್ಲೇ ಗಿಡ ಬೆಳೆಸಿದರು, ಪೊಲೀಸರು ಹಿಡಿದರು, ಮೊಕದ್ದಮೆ ನಡೆಯಿತು. 2000ದ ಜುಲೈ 31ರಂದು ಒಂಟಾರಿಯೊ ಪ್ರಾಂತ್ಯದ ಮೇಲ್ಮನವಿ ನ್ಯಾಯಾಲಯ, ರೋಗಿಗಳಿಗೆ ದಾರಿ ಬಿಡದ ನಿಷೇಧ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟು, ಸರಿಪಡಿಸಲು ಒಂದು ವರ್ಷ ಗಡುವು ಕೊಟ್ಟಿತು. 2001ರಲ್ಲಿ ವೈದ್ಯಕೀಯ ಗಾಂಜಾದ ನಿಯಮಗಳು ಬಂದದ್ದು ಹಾಗೆ. ಒಣ ಸೊಪ್ಪು ಮಾತ್ರ ಇಟ್ಟುಕೊಳ್ಳಬಹುದು, ಎಣ್ಣೆ ತಿನಿಸು ಕೂಡದು ಎಂಬ ನಿರ್ಬಂಧ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಸೇದಲು ಒಲ್ಲದ ನನ್ನಂಥವಳಿಗೆ ಎಣ್ಣೆ ಸಿಕ್ಕಿದ್ದು ಆ ತೀರ್ಪಿನಿಂದ. ಮೋಜಿಗೆ ಬೇಕು ಎಂದವರಿಗಿಂತ ಹದಿನೇಳು ವರ್ಷ ಮೊದಲೇ ಈ ಬಾಗಿಲು ತೆರೆಸಿದವರು ರೋಗಿಗಳು.

ಆಮೇಲೆ 2018 ಬಂತು.

ಮೊದಲು ತಟ್ಟಿದ್ದು ಕೊರತೆ. ಆ ಶರತ್ಕಾಲದಲ್ಲಿ ದೇಶಕ್ಕೆ ದೇಶವೇ ಕೊಳ್ಳಲು ಮುಗಿಬಿದ್ದಿತ್ತು, ಉತ್ಪಾದಕರ ಬಳಿ ಅಷ್ಟು ಸರಕು ಇರಲಿಲ್ಲ. ನಾನು ತರಿಸುತ್ತಿದ್ದ ಎಣ್ಣೆ 'ದಾಸ್ತಾನಿಲ್ಲ' ಎಂದು ತೋರಿಸತೊಡಗಿತು. ಅದೇ ಹೊತ್ತಿಗೆ ಕೆನಡಾ ಪೋಸ್ಟ್ ನೌಕರರ ಸರದಿ ಮುಷ್ಕರ. ಸ್ಯಾಟಿವೆಕ್ಸ್‌ನಂಥ ಸಿದ್ಧ ಔಷಧ ಬಿಟ್ಟರೆ ವೈದ್ಯಕೀಯ ಗಾಂಜಾ ಇಲ್ಲಿ ಮದ್ದಿನಂಗಡಿಯಲ್ಲಿ ಸಿಗುವುದಿಲ್ಲ, ಬೀದಿಯ ಗಾಂಜಾ ಅಂಗಡಿಯಲ್ಲೂ ಸಿಗುವುದಿಲ್ಲ. ಉತ್ಪಾದಕರಿಂದಲೋ ಪರವಾನಗಿ ಪಡೆದ ಮಾರಾಟಗಾರರಿಂದಲೋ ಮನೆಗೆ ಪಾರ್ಸೆಲ್ ಬರಬೇಕು. ಬಾಟಲಿ ತಳ ಕಂಡಿದೆ, ಪಾರ್ಸೆಲ್ ಬರುವ ಸೂಚನೆಯಿಲ್ಲ. ಹೊರಗೆ ಟೀವಿಯಲ್ಲಿ ಜನ ಸಂಭ್ರಮಿಸುತ್ತಿದ್ದರೆ ನಾನು ಹನಿ ಎಣಿಸಿ ಅರ್ಧ ಅಳತೆ ತೆಗೆದುಕೊಳ್ಳುತ್ತಿದ್ದೆ. ಮತ್ತೆ ಬೆಳಗಿನ ಜಾವದವರೆಗೆ ಎಚ್ಚರ. ಪಕ್ಕದಲ್ಲಿ ಮಲಗಿದ ಗಂಡ ಎದ್ದು ಕುಳಿತು ಕಾಲು ಒತ್ತುತ್ತಿದ್ದರು.

ಕೊರತೆ ಕೆಲವು ತಿಂಗಳಲ್ಲಿ ನೀಗಿತು, ಅದನ್ನು ಮರೆತುಬಿಡಬಹುದಿತ್ತು. ಮರೆಯಲಾಗದ್ದು ಅದರ ಹಿಂದೆಯೇ ಬಂದ ಇನ್ನೊಂದು ಬದಲಾವಣೆ. ಉತ್ಪಾದಕರ ಕಣ್ಣು ದೊಡ್ಡ ಮಾರುಕಟ್ಟೆಯ ಕಡೆ ತಿರುಗಿತು. ಮೋಜಿಗೆ ಕೊಳ್ಳುವವರು ಲೇಬಲ್ಲಿನಲ್ಲಿ ಮೊದಲು ನೋಡುವುದು ಟಿಎಚ್‌ಸಿ ಎಷ್ಟು ಎಂದು. ಜಾಸ್ತಿ ಇದ್ದಷ್ಟೂ ಬೇಡಿಕೆ. ನನಗೆ ಬೇಕಾದದ್ದು ಸಮಸಮ ಇರುವ, ತಲೆ ತಿರುಗಿಸದ, ತಿಂಗಳಿಂದ ತಿಂಗಳಿಗೆ ಬದಲಾಗದ ಎಣ್ಣೆ. ಅಂಥದ್ದು ಹೆಚ್ಚು ಮಾರಾಟವಾಗುವುದಿಲ್ಲ. ಒಂದು ದಿನ ಇಮೇಲ್ ಬಂತು: ಈ ಉತ್ಪನ್ನವನ್ನು ನಿಲ್ಲಿಸಲಾಗಿದೆ, ಬದಲಿಗೆ ಇವುಗಳನ್ನು ನೋಡಿ. ಆ 'ಇವುಗಳ' ಪಟ್ಟಿಯಲ್ಲಿ ಹಣ್ಣಿನ ರುಚಿಯ ಜಿಗುಟು ಮಿಠಾಯಿ ಇತ್ತು.

ನಿಮ್ಮ ಬಿಪಿ ಮಾತ್ರೆ ಇದ್ದಕ್ಕಿದ್ದಂತೆ ನಿಂತುಹೋಗಿ, ಅದರ ಜಾಗಕ್ಕೆ ಚಾಕಲೇಟ್ ತೋರಿಸಿದರೆ ಹೇಗಿರುತ್ತದೋ ಹಾಗಾಯಿತು ನನಗೆ. ಹೊಸ ಎಣ್ಣೆಗೆ ಹೋದರೆ ಮತ್ತೆ ಮೊದಲಿನಿಂದ ಅಳತೆ ಕಂಡುಕೊಳ್ಳಬೇಕು. ಲೇಬಲ್ಲಿನಲ್ಲಿ ಅಂಕಿ ಒಂದೇ ಇದ್ದರೂ ಯಾವ ಎಣ್ಣೆಯಲ್ಲಿ ಬೆರೆಸಿದ್ದಾರೆ, ಗಿಡದ ಉಳಿದ ಅಂಶಗಳು ಏನೇನಿವೆ ಎಂಬುದರ ಮೇಲೆ ನನ್ನ ಮೈ ಬೇರೆ ಬೇರೆ ರೀತಿ ಪ್ರತಿಕ್ರಿಯಿಸುತ್ತದೆ. ಕೆಲವು ರಾತ್ರಿ ಪರಿಣಾಮವೇ ಇಲ್ಲ, ಕೆಲವು ಬೆಳಿಗ್ಗೆ ಹತ್ತು ಗಂಟೆಯಾದರೂ ತಲೆ ಮಂಜು. ಇದು ಒಂದು ಸಲ ಆಗಿ ಮುಗಿದ ಕಥೆಯಲ್ಲ.

ಹಾಗಾದರೆ ಅಂಗಡಿಯಿಂದ ಯಾಕೆ ತರಬಾರದು? ಹೋಗಿ ನೋಡಿದ್ದೇನೆ. ನಾವಿರುವ ಒಂಟಾರಿಯೊದಲ್ಲಿ ಅಂಗಡಿಗಳು ತೆರೆದದ್ದು 2019ರ ಏಪ್ರಿಲ್ 1ರಿಂದ. ಅಲ್ಲಿಯವರೆಗೆ ಸರ್ಕಾರದ ಆನ್‌ಲೈನ್ ಅಂಗಡಿ ಒಂದೇ ಇತ್ತು. ಒಳಗೆ ನಿಂತಿದ್ದ ಹುಡುಗ ಬಹಳ ಸಂಭಾವಿತ, ನನ್ನ ಊರುಗೋಲು ನೋಡಿ ಕುರ್ಚಿ ಎಳೆದುಕೊಟ್ಟ. ನಾನು ಬ್ಯಾಕ್ಲೊಫೆನ್ ತೆಗೆದುಕೊಳ್ಳುತ್ತೇನೆ, ಇದರ ಜೊತೆ ಯಾವುದು ಸರಿಹೋಗುತ್ತದೆ ಎಂದು ಕೇಳಿದೆ. "ಆಂಟಿ, ಕ್ಷಮಿಸಿ, ಆರೋಗ್ಯದ ಬಗ್ಗೆ ನಾನು ಏನೂ ಹೇಳುವ ಹಾಗಿಲ್ಲ" ಎಂದ. ಅವನು ಮಾಡಿದ್ದು ಸರಿಯೇ. ಅಂಗಡಿಯವರು ವೈದ್ಯಕೀಯ ಸಲಹೆ ಕೊಡುವಂತಿಲ್ಲ. ಹಾಗೆ ಕೊಡತೊಡಗಿದರೆ ಇನ್ನೂ ಅಪಾಯ. ಬ್ಯಾಕ್ಲೊಫೆನ್ ಮಂಪರು ತರುತ್ತದೆ, ಟಿಎಚ್‌ಸಿಯೂ ತರುತ್ತದೆ, ಎರಡೂ ಸೇರಿದರೆ ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳುವ ಸಾಧ್ಯತೆ ಹೆಚ್ಚು. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಸಿಬಿಡಿ ಆ ಮದ್ದಿನ ಪರಿಣಾಮವನ್ನು ಹೆಚ್ಚಿಸಬಹುದು. ಮೂರ್ಛೆರೋಗಕ್ಕೆ ಕೊಡುವ ಕ್ಲೊಬಜಾಮ್ ಜೊತೆಗೂ ಹಾಗೆಯೇ. ಇದನ್ನು ಹೇಳಬೇಕಾದವರು ಮದ್ದಿನಂಗಡಿಯ ಔಷಧಜ್ಞರು. ಬೇರೆಲ್ಲ ಮದ್ದುಗಳ ಪಟ್ಟಿ ಅವರ ಕಂಪ್ಯೂಟರಿನಲ್ಲಿದೆ, ಇದೊಂದು ಮಾತ್ರ ಆ ಪಟ್ಟಿಯ ಹೊರಗೆ.

ಅಂಗಡಿಯಲ್ಲಿ ಇನ್ನೊಂದು ಪೇಚಿದೆ. ತಿನ್ನುವ ಪದಾರ್ಥದ ಒಂದು ಪೊಟ್ಟಣದಲ್ಲಿ 10 ಮಿಲಿಗ್ರಾಂ ಟಿಎಚ್‌ಸಿ ಮೀರುವಂತಿಲ್ಲ. ಹೊಸಬರು, ಮಕ್ಕಳು ಗೊತ್ತಿಲ್ಲದೆ ಜಾಸ್ತಿ ತಿಂದುಬಿಡಬಾರದು ಎಂಬ ಕಾರಣಕ್ಕೆ ಮಾಡಿದ ಮಿತಿ, ಒಳ್ಳೆಯದೇ. ಆದರೆ ಅದೇ ಮಿತಿ ರೋಗಿಗೂ ಅನ್ವಯ. ನಮ್ಮ ಎಂಎಸ್ ಗುಂಪಿನ ಹಿರಿಯರೊಬ್ಬರಿಗೆ ಕ್ಯಾನ್ಸರ್ ನೋವೂ ಸೇರಿಕೊಂಡಿದೆ, ಅವರ ದಿನದ ಅಳತೆ ದೊಡ್ಡದು. ಎಣ್ಣೆ ಅವರಿಗೆ ವಾಕರಿಕೆ ತರುತ್ತದೆ. ಹಾಗಾಗಿ ಪೊಟ್ಟಣದ ಮೇಲೆ ಪೊಟ್ಟಣ ಕೊಂಡು, ನಡುಗುವ ಕೈಯಲ್ಲಿ ಮಕ್ಕಳು ತೆರೆಯಲಾಗದಂತೆ ಮಾಡಿದ ಆ ಗಟ್ಟಿ ಮುಚ್ಚಳಗಳನ್ನು ಒಂದೊಂದಾಗಿ ತೆರೆಯುತ್ತಾ ಕೂರಬೇಕು.

ಇನ್ನು ತೆರಿಗೆ. ಇದನ್ನು ಬರೆಯುವಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಕೆನಡಾದಲ್ಲಿ ವೈದ್ಯರು ಬರೆದುಕೊಟ್ಟ ಔಷಧದ ಮೇಲೆ ಮಾರಾಟ ತೆರಿಗೆ ಇಲ್ಲ. ನನ್ನ ಬ್ಯಾಕ್ಲೊಫೆನ್‌ಗೆ ಇಲ್ಲ, ಸ್ಯಾಟಿವೆಕ್ಸ್‌ಗೆ ಇಲ್ಲ. ಅದೇ ವೈದ್ಯರ ಪತ್ರದ ಮೇಲೆ ತರಿಸುವ ಎಣ್ಣೆಗೆ ಒಂಟಾರಿಯೊದಲ್ಲಿ 13 ಶೇಕಡಾ ಎಚ್‌ಎಸ್‌ಟಿ ಎಂಬ ಮಾರಾಟ ತೆರಿಗೆ. ಔಷಧಕ್ಕೆ ಕೊಡುವ ಡಿಐಎನ್ ಸಂಖ್ಯೆ ಇದಕ್ಕಿಲ್ಲ ಎಂಬುದು ಕಾರಣ. ಅದರ ಮೇಲೆ 2018ರ ಕಾನೂನಿನ ಜೊತೆಗೆ ಬಂದ ಅಬಕಾರಿ ಸುಂಕ: ಒಣ ಹೂವಿಗೆ ಗ್ರಾಂಗೆ ಒಂದು ಡಾಲರ್ ಅಥವಾ ಬೆಲೆಯ 10 ಶೇಕಡಾ, ಯಾವುದು ಹೆಚ್ಚೋ ಅದು. ಎಣ್ಣೆಗೆ 2019ರ ಮೇ ತಿಂಗಳಿಂದ ಮಿಲಿಗ್ರಾಂ ಟಿಎಚ್‌ಸಿಗೆ ಒಂದು ಸೆಂಟ್. 300 ಮಿಲಿಗ್ರಾಂ ಇರುವ ಬಾಟಲಿಗೆ ಮೂರು ಡಾಲರ್ ಆಯಿತು, ಅದೇನು ಮಹಾ ಎನ್ನಬಹುದು. ಕೆಲಸ ಬಿಟ್ಟು ಅಂಗವೈಕಲ್ಯ ಪಿಂಚಣಿಯಲ್ಲಿ ಬದುಕುವವರು ಎಷ್ಟೋ ಜನ ನಮ್ಮ ಗುಂಪಿನಲ್ಲಿದ್ದಾರೆ. ವಾರದ ಕೊನೆಯಲ್ಲಿ ಗೆಳೆಯರೊಂದಿಗೆ ಕೂರಲು ಕೊಳ್ಳುವವನಿಗೆ ಹಾಕುವ ಸುಂಕವನ್ನೇ ಅವರಿಗೂ ಹಾಕುವುದು ಯಾವ ನ್ಯಾಯ? ಮಾಜಿ ಸೈನಿಕರಿಗೆ ಅವರ ಇಲಾಖೆ ದಿನಕ್ಕೆ 3 ಗ್ರಾಂವರೆಗೆ ಖರ್ಚು ಭರಿಸುತ್ತದೆ. ಒಳ್ಳೆಯದು. ಉಳಿದವರಲ್ಲಿ ಬಹಳ ಮಂದಿ ತಮ್ಮ ಕಿಸೆಯಿಂದಲೇ ಕೊಡಬೇಕು.

ಹೀಗೆ ವೈದ್ಯಕೀಯ ದಾರಿಯಲ್ಲಿ ಕಾಗದಪತ್ರ, ಪಾರ್ಸೆಲ್ಲಿಗೆ ಕಾಯುವುದು, ವರ್ಷ ವರ್ಷ ವೈದ್ಯರ ಪತ್ರ ಹೊಸದು ಮಾಡಿಸುವುದು. ಅಂಗಡಿಯಲ್ಲಿ ಈ ಯಾವ ತೊಡಕೂ ಇಲ್ಲ, ಪೈಪೋಟಿಯಿಂದ ಬೆಲೆಯೂ ಇಳಿದಿದೆ. ಜನ ಆ ಕಡೆ ಹೋಗುತ್ತಿರುವುದರಲ್ಲಿ ಆಶ್ಚರ್ಯವೇನಿಲ್ಲ. 2020ರಲ್ಲಿ ಮೂರೂವರೆ ಲಕ್ಷ ದಾಟಿದ್ದ ನೋಂದಾಯಿತ ರೋಗಿಗಳ ಸಂಖ್ಯೆ ಆಮೇಲೆ ಇಳಿಯುತ್ತಾ ಬಂದಿದೆ. ಅಷ್ಟೂ ಜನರ ಕಾಯಿಲೆ ವಾಸಿಯಾಗಿ ಬಿಟ್ಟಿತೇ? ಅವರಲ್ಲಿ ಬಹಳ ಮಂದಿ ಈಗಲೂ ಅದನ್ನೇ ಮದ್ದೆಂದು ಬಳಸುತ್ತಿದ್ದಾರೆ, ಕೇಳುವವರಿಲ್ಲದೆ ಬಳಸುತ್ತಿದ್ದಾರೆ, ಅಷ್ಟೇ ವ್ಯತ್ಯಾಸ.

ವೈದ್ಯರೂ ಕೈಬಿಡುತ್ತಿದ್ದಾರೆ. ನಮ್ಮ ಹಳೆಯ ಕುಟುಂಬ ವೈದ್ಯರು ನಿವೃತ್ತರಾದ ಮೇಲೆ ಹೊಸಬರ ಬಳಿ ಪತ್ರ ನವೀಕರಿಸಲು ಹೋದೆ. ಅವರು ಕಂಪ್ಯೂಟರಿನಿಂದ ತಲೆ ಎತ್ತದೆ, "ಈಗ ಅಂಗಡಿಯಲ್ಲೇ ಸಿಗುತ್ತದಲ್ಲ, ಪತ್ರ ಯಾಕೆ?" ಎಂದರು. ನನ್ನ ಮೈದುನ ಹೇಳಿದ್ದನ್ನೇ ವೈದ್ಯರ ಬಾಯಲ್ಲಿ ಕೇಳಿದಾಗ ಕಣ್ಣಲ್ಲಿ ನೀರು ಬಂತು. ನಾನು ಕೇಳಲು ಹೋಗಿದ್ದು ಅನುಮತಿಯನ್ನಲ್ಲ. ನನ್ನ ಯಕೃತ್ತಿನ ಪರೀಕ್ಷೆಯ ಫಲಿತಾಂಶ ನೋಡಿ, ಈ ಅಳತೆ ಇನ್ನೂ ಸರಿಯೇ, ಮರೆವು ಹೆಚ್ಚುತ್ತಿರುವುದು ಎಂಎಸ್‌ನಿಂದಲೋ ಎಣ್ಣೆಯಿಂದಲೋ ಎಂದು ಯೋಚಿಸುವ ಒಬ್ಬ ಮನುಷ್ಯರು ನನಗೆ ಬೇಕಾಗಿತ್ತು. ಕೊನೆಗೆ ನರರೋಗ ತಜ್ಞರ ನರ್ಸ್ ಪ್ರಾಕ್ಟಿಷನರ್ (ಮದ್ದು ಬರೆದುಕೊಡುವ ಅಧಿಕಾರವಿರುವ ನರ್ಸ್) ಆ ಕೆಲಸ ಮಾಡಿಕೊಟ್ಟರು. ಈಗಲೂ ಅವರೇ ನೋಡಿಕೊಳ್ಳುತ್ತಾರೆ.

ಕಾರು ಓಡಿಸುವ ವಿಷಯ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇನೆ. 2018ರಲ್ಲೇ ಬಂದ ಕಾನೂನಿನಂತೆ ಒಂದು ಮಿಲಿಲೀಟರ್ ರಕ್ತದಲ್ಲಿ 2 ನ್ಯಾನೋಗ್ರಾಂ ಟಿಎಚ್‌ಸಿ ಇದ್ದರೂ ಅಪರಾಧ, 5 ಮುಟ್ಟಿದರೆ ಇನ್ನೂ ದೊಡ್ಡದು, ವೈದ್ಯರ ಪತ್ರ ಅದಕ್ಕೆ ರಕ್ಷಣೆಯಲ್ಲ. ದಿನಾ ತೆಗೆದುಕೊಳ್ಳುವವರ ಕೊಬ್ಬಿನಲ್ಲಿ ಅದು ಉಳಿದುಕೊಂಡು, ಅಮಲು ಇಳಿದು ಎಷ್ಟೋ ಹೊತ್ತಾದ ಮೇಲೂ ರಕ್ತದಲ್ಲಿ ಕಾಣುತ್ತದೆ. ನಾನು ಕಾರು ಓಡಿಸುವುದನ್ನೇ ಬಿಟ್ಟೆ.

ಕೆನಡಾದಲ್ಲಿ ಕನಿಷ್ಠ ಪಕ್ಷ ವೈದ್ಯಕೀಯ ದಾರಿ ಪ್ರತ್ಯೇಕವಾಗಿ ಉಳಿದಿದೆ. ಗಡಿಯಾಚೆಗೆ ಏನಾಯಿತು ನೋಡಿ. ವಾಷಿಂಗ್ಟನ್ ರಾಜ್ಯದಲ್ಲಿ 1998ರಿಂದಲೇ ರೋಗಿಗಳಿಗೆ ಅನುಮತಿಯಿತ್ತು. 2012ರಲ್ಲಿ ಜನ ಮತ ಹಾಕಿ ಎಲ್ಲರಿಗೂ ತೆರೆದರು, 2014ರಲ್ಲಿ ಅಂಗಡಿಗಳು ಬಂದವು. ಮುಂದಿನ ವರ್ಷ ಶಾಸನಸಭೆ ಎರಡನ್ನೂ ಒಂದಾಗಿಸುವ ಕಾನೂನು ಮಾಡಿತು. ರೋಗಿಗಳೇ ಸೇರಿ ನಡೆಸುತ್ತಿದ್ದ ಸಾಮೂಹಿಕ ತೋಟಗಳು, ಪರವಾನಗಿಯಿಲ್ಲದ ವೈದ್ಯಕೀಯ ಮಳಿಗೆಗಳು 2016ರ ಜುಲೈ 1ಕ್ಕೆ ಮುಚ್ಚಬೇಕಾಯಿತು. ರೋಗಿಗಳು ಸಾಮಾನ್ಯ ಅಂಗಡಿಗೇ ಹೋಗಬೇಕು. ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸಿ ಕಾರ್ಡು ಮಾಡಿಸಿದರೆ ಮಾರಾಟ ತೆರಿಗೆ ಮಾಫಿ, ಆದರೆ 37 ಶೇಕಡಾ ಅಬಕಾರಿ ತೆರಿಗೆ ಮಾತ್ರ ತಪ್ಪುತ್ತಿರಲಿಲ್ಲ. ಆ ಭಾರ ಇಳಿದದ್ದು 2024ರ ಜೂನ್‌ನಲ್ಲಿ, ಅದೂ ಕಾರ್ಡು ಇದ್ದವರಿಗೆ, ಆರೋಗ್ಯ ಇಲಾಖೆಯ ಮಟ್ಟಕ್ಕೆ ತಕ್ಕ ಉತ್ಪನ್ನಗಳಿಗೆ ಮಾತ್ರ. ನಡುವಿನ ಆ ವರ್ಷಗಳಲ್ಲಿ ಎಷ್ಟು ರೋಗಿಗಳು ಬೆಲೆ ತಾಳಲಾರದೆ ಬಿಟ್ಟಿರಬಹುದು ಎಂದು ನಾನು ಆಗಾಗ ಯೋಚಿಸುತ್ತೇನೆ. ಒರೆಗಾನ್‌ನಲ್ಲೂ ವೈದ್ಯಕೀಯಕ್ಕೇ ಮೀಸಲಾಗಿದ್ದ ಮಳಿಗೆಗಳಲ್ಲಿ ಬಹುಪಾಲು ಸಾಮಾನ್ಯ ಅಂಗಡಿಗಳಾದವು.

ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಕ್ಯಾಲಿಫೋರ್ನಿಯಾದ ಕಥೆ ಓದಿದಾಗ. ಏಡ್ಸ್ ರೋಗಿಗಳು ಸಾಯುತ್ತಿದ್ದ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೇರಿ ರಾತ್‌ಬನ್ ಎಂಬ ವಯಸ್ಸಾದ ಹೆಂಗಸು ಗಾಂಜಾ ಬೆರೆಸಿದ ಬ್ರೌನಿ ಬೇಯಿಸಿ ಆಸ್ಪತ್ರೆಯಲ್ಲಿದ್ದ ಹುಡುಗರಿಗೆ ಹಂಚುತ್ತಿದ್ದರು. ಊಟ ಸೇರದೆ ಕರಗಿಹೋಗುತ್ತಿದ್ದವರಿಗೆ ಹಸಿವು ಹುಟ್ಟಲಿ ಎಂದು. ಮತ್ತೆ ಮತ್ತೆ ಬಂಧನವಾದರೂ ಅವರು ನಿಲ್ಲಿಸಲಿಲ್ಲ. ಅವರ ಗೆಳೆಯ ಡೆನ್ನಿಸ್ ಪೆರೋನ್ ಮುಂದಾಗಿ ನಿಂತು 1996ರಲ್ಲಿ ವೈದ್ಯಕೀಯ ಬಳಕೆಯ ಕಾನೂನನ್ನು ಜನರಿಂದ ಗೆಲ್ಲಿಸಿದರು. ಅಲ್ಲಿಂದ ಮುಂದೆ ಬಡ ರೋಗಿಗಳಿಗೆ ಉಚಿತವಾಗಿ ಹಂಚುವ ಪದ್ಧತಿ ನಡೆದುಕೊಂಡು ಬಂದಿತ್ತು. 2018ರ ಜನವರಿ 1ರಿಂದ ಎಲ್ಲರಿಗೂ ಮಾರಾಟ ಶುರುವಾದಾಗ, ಉಚಿತವಾಗಿ ಕೊಡುವ ಗಾಂಜಾಕ್ಕೂ ತೆರಿಗೆ ಕಟ್ಟಬೇಕು ಎಂದಾಯಿತು. ದಾನಕ್ಕೆ ತೆರಿಗೆ ಕಟ್ಟಲು ಹಣ ಎಲ್ಲಿಂದ ತರುವುದು? ಹಂಚುವವರು ಬಾಗಿಲು ಮುಚ್ಚತೊಡಗಿದರು. 2019ರಲ್ಲಿ ಆ ತೆರಿಗೆ ತೆಗೆಯುವ ಕಾನೂನು ಬಂತು, ಅದಕ್ಕೆ ಇಟ್ಟ ಹೆಸರು ಪೆರೋನ್ ಮತ್ತು 'ಬ್ರೌನಿ ಮೇರಿ'ಯದೇ. ಎಲ್ಲರಿಗೂ ತೆರೆಯುವ ಪ್ರಸ್ತಾಪವನ್ನು ಪೆರೋನ್ ಸ್ವತಃ ವಿರೋಧಿಸಿದ್ದರು. ಅವರು ಹೇಳಿದ್ದೆಲ್ಲವನ್ನೂ ನಾನು ಒಪ್ಪುವುದಿಲ್ಲ, ಆದರೆ ಆ ವಿರೋಧದ ಹಿಂದಿನ ಆತಂಕ ನನಗೆ ಅರ್ಥವಾಗುತ್ತದೆ.

ಹಾಗೆಂದು 2018ರ ಹಿಂದಿನ ಕಾಲವೇ ಚೆನ್ನಾಗಿತ್ತು ಎನ್ನಲಾರೆ. ಜೈಲಿನ ಭಯ ಹೋಯಿತು. ಪತ್ರ ಕೊಡುವ ವೈದ್ಯರೇ ಸಿಗದ ಊರುಗಳಲ್ಲಿ ನರಳುತ್ತಿದ್ದವರಿಗೆ ಏನೋ ಒಂದು ಕೈಗೆ ಸಿಕ್ಕಿತು. ಮೊದಲು ನಾನು ಬಾಟಲಿಯನ್ನು ಬೀರುವಿನ ಸೀರೆಗಳ ಹಿಂದೆ ಇಡುತ್ತಿದ್ದೆ, ಈಗ ಉಳಿದ ಮದ್ದುಗಳ ಪಕ್ಕದಲ್ಲಿ, ಬೀಗವಿರುವ ಪೆಟ್ಟಿಗೆಯಲ್ಲಿದೆ. ನಾಚಿಕೆ ಕಡಿಮೆಯಾದದ್ದು ದೊಡ್ಡ ಲಾಭ. ಆದರೆ ಅದರ ಜೊತೆಗೇ ಇನ್ನೊಂದು ಬಗೆಯ ನೋಟ ಬಂದಿದೆ. ಮೊದಲು 'ಪಾಪ, ಕಾಯಿಲೆಯವಳು' ಎನ್ನುತ್ತಿದ್ದವರು ಈಗ ಕಣ್ಣು ಮಿಟುಕಿಸಿ "ಮಜಾ ಮಾಡಿ" ಎನ್ನುತ್ತಾರೆ. ಮದ್ದು ತೆಗೆದುಕೊಂಡ ಮೇಲೆ ನಾನು ಮಾಡುವುದು ನಿದ್ದೆ ಮಾತ್ರ.

ಎರಡು ದಾರಿ ಯಾಕೆ, ಒಂದೇ ಸಾಕು ಎನ್ನುವವರಿಗೆ ನಾನು ಮಕ್ಕಳ ಕಡೆ ಕೈ ತೋರಿಸುತ್ತೇನೆ. ದಿನಕ್ಕೆ ಹತ್ತಾರು ಸಲ ಮೂರ್ಛೆ ಬರುವ ಡ್ರಾವೆಟ್ ಸಿಂಡ್ರೋಮ್‌ನಂಥ ಕಾಯಿಲೆಯ ಮಕ್ಕಳಿಗೆ ಸಿಬಿಡಿ ಎಣ್ಣೆ ಕೊಡುತ್ತಾರೆ. ಒಂಟಾರಿಯೊದಲ್ಲಿ ಅಂಗಡಿಯೊಳಗೆ ಕಾಲಿಡಲು 19 ವರ್ಷ ಆಗಿರಬೇಕು. ನಾಲ್ಕು ವರ್ಷದ ಮಗುವಿನ ಮದ್ದಿಗೆ ತಾಯಿ ಬೆಳಕಿನ ಬಣ್ಣಬಣ್ಣದ ಫಲಕದ ಕೆಳಗೆ ನಿಂತು, ಆರೋಗ್ಯದ ಬಗ್ಗೆ ಬಾಯಿ ಬಿಡುವಂತಿಲ್ಲದ ಹುಡುಗನನ್ನು ಕೇಳಬೇಕೇ?

2024ರ ಮಾರ್ಚ್‌ನಲ್ಲಿ ಕೆನಡಾದ ಗಾಂಜಾ ಕಾನೂನಿನ ಪರಿಶೀಲನೆಗೆಂದು ನೇಮಿಸಿದ್ದ ತಜ್ಞರ ಸಮಿತಿಯ ಅಂತಿಮ ವರದಿ ಬಂತು. ವೈದ್ಯಕೀಯ ದಾರಿಯನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಬೇಕು ಎಂದು ಅದು ಹೇಳಿದಾಗ ನಮ್ಮ ಗುಂಪಿನಲ್ಲಿ ಎಲ್ಲರೂ ನೆಮ್ಮದಿಯ ನಿಟ್ಟುಸಿರು ಬಿಟ್ಟೆವು. ಅದೇ ವರ್ಷ ನವೆಂಬರ್ ಮಧ್ಯದಲ್ಲಿ ಅಂಚೆ ನೌಕರರ ಮುಷ್ಕರ ಮತ್ತೆ ಶುರುವಾಗಿ ಒಂದು ತಿಂಗಳು ನಡೆಯಿತು. ನೌಕರರ ಬೇಡಿಕೆಯ ಬಗ್ಗೆ ನನಗೆ ತಕರಾರಿಲ್ಲ. ಮೂಲೆ ಮೂಲೆಗೂ ಮದ್ದಿನಂಗಡಿಗಳಿರುವ ದೇಶದಲ್ಲಿ ಒಂದು ಮದ್ದು ಮಾತ್ರ ಪಾರ್ಸೆಲ್ಲಿಗೆ ಜೋತುಬಿದ್ದಿರುವುದು ಯಾಕೆ ಎಂಬುದಷ್ಟೇ ನನ್ನ ತಕರಾರು. ಮದ್ದಿನಂಗಡಿಯ ಕೌಂಟರಿನಲ್ಲಿ ಕೊಡಿ, ತೆರಿಗೆ ತೆಗೆಯಿರಿ, ರೋಗಿಗಳ ಎಣ್ಣೆಯನ್ನು ನಿಲ್ಲಿಸುವ ಮೊದಲು ಇಂತಿಷ್ಟು ತಿಂಗಳ ಮುನ್ಸೂಚನೆ ಕಡ್ಡಾಯ ಮಾಡಿ ಎಂದು ನಮ್ಮ ಕ್ಷೇತ್ರದ ಸಂಸದರಿಗೆ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಕೆನಡಾದಲ್ಲಿ ಇದನ್ನು ಮದ್ದಾಗಿ ಬಳಸುತ್ತಿದ್ದರೆ, ಅಥವಾ ಮನೆಯ ಹಿರಿಯರಿಗೆ ತಂದುಕೊಡುತ್ತಿದ್ದರೆ, ಅಂಗಡಿ ಹತ್ತಿರವಿದೆ ಎಂದು ವೈದ್ಯರ ಪತ್ರವನ್ನು ಬಿಡಬೇಡಿ. ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ನವೀಕರಣಕ್ಕೆ ಸಮಯ ಕೇಳಿ, ಇಲ್ಲಿ ವೈದ್ಯರು ಬೇಗ ಸಿಗುವುದಿಲ್ಲ. ಬೇರೆ ಮದ್ದು ಕೊಡುವ ಔಷಧಜ್ಞರಿಗೆ ಈ ಎಣ್ಣೆಯ ಹೆಸರು, ಮಿಲಿಗ್ರಾಂ, ತೆಗೆದುಕೊಳ್ಳುವ ಹೊತ್ತು ಎಲ್ಲ ಬರೆದುಕೊಡಿ. ರಸೀದಿಗಳನ್ನು ಎತ್ತಿಡಿ: ಪತ್ರದ ಮೇಲೆ ಪರವಾನಗಿದಾರರಿಂದ ಕೊಂಡದ್ದನ್ನು ಆದಾಯ ತೆರಿಗೆಯಲ್ಲಿ ವೈದ್ಯಕೀಯ ಖರ್ಚೆಂದು ತೋರಿಸಬಹುದು, ಅಂಗಡಿಯ ರಸೀದಿಯನ್ನು ತೋರಿಸಲಾಗುವುದಿಲ್ಲ.